ರೋಸ್ವಿತಾಳ ಕೊನೆಯ ಬಕೀಟು

ಮದುವೆಯ ಹಿಂದಿನ ದಿನ ಬೀಗರ ಮುಂದೆ ನಗುನಗುತ್ತಾ ಇರಬೇಕು ಅನ್ನುವುದು ಏವಾಲ್ಟ್ ಪಾವ್ಲಿಟ್ಸ್ಕಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಆ ಬರ್ಲಿನ್ ಹೆಂಗಸು ಕಾರಿನಿಂದ ಇಳಿದವಳೇ, ಅಂಗಳಕ್ಕೆ ಇನ್ನೂ ಸರಿಯಾಗಿ ಕಾಲಿಡುವ ಮೊದಲೇ, "ಸಾಸೇಜ್ ನಾನೇ ತಂದಿದೀನಿ ಬೀಗರೇ, ನಿಮ್ಮ ಕಡೇದು ಹಲ್ಲಿಗೆ ಸಿಕ್ಕಿದ್ರೆ ಬಿಡಿಸೋಕೇ ಆಗಲ್ವಂತೆ" ಅಂದರೆ ನಗು ಎಲ್ಲಿಂದ ಬರಬೇಕು?

ಅವಳ ಹೆಸರು ಸೀಗ್ಲಿಂಡೆ ಲೇನಿಕ್. ನಾಳೆ ಏವಾಲ್ಟನ ಅಳಿಯನಾಗಲಿರುವ ಫಾಲ್ಕ್‌ನ ತಾಯಿ. ಬರ್ಲಿನ್ನಿನ ಪೂರ್ವದ ಕಡೆ, ಕೋಪೆನಿಕ್ ಸ್ಟೇಷನ್ನಿನ ಹತ್ತಿರ ಸಾಸೇಜಿನ ಗೂಡಂಗಡಿ ಇಟ್ಟುಕೊಂಡು ಅರ್ಧ ಆಯುಷ್ಯ ಕಳೆದವಳು. ಇತ್ತ ಏವಾಲ್ಟ್ ಜರ್ಮನಿಯ ಪಶ್ಚಿಮದ ಗಣಿಯೂರು ವಾನೆ-ಐಕೆಲ್‌ನವನು. ಕಲ್ಲಿದ್ದಲ ಗಣಿ ಮುಚ್ಚುವವರೆಗೆ ನೆಲದ ಕೆಳಗೆ ದುಡಿದು, ಮುಚ್ಚಿದ ಮೇಲೆ ಹೆಂಡತಿ ರೋಸ್ವಿತಾಳ ಗೂಡಂಗಡಿಯಲ್ಲಿ ಆಲೂಗೆಡ್ಡೆ ಕರಿಯುತ್ತಾ ನಿಂತವನು. ಜರ್ಮನಿಯಲ್ಲಿ ಇಷ್ಟೊಂದು ಜನ ಇದ್ದಾರೆ, ಒಬ್ಬ ದರ್ಜಿಯೋ, ಒಬ್ಬ ಮೇಷ್ಟರೋ ಬೀಗನಾಗಿ ಸಿಗಬಾರದಿತ್ತೆ? ಸಿಕ್ಕಿದ್ದು ಸಾಸೇಜ್ ಮಾರುವವಳು, ಅದೂ ಬರ್ಲಿನ್ನಿನವಳು!

ಜಗಳ ಶುರುವಾಗಿದ್ದು ನಿಶ್ಚಿತಾರ್ಥದ ದಿನವೇ. ಇಬ್ಬರೂ ಮಾರುವ ತಿಂಡಿ ಒಂದೇ, ಕರ್ರಿವುರ್ಸ್ಟ್. ಅದು ಅಂದರೆ ಚರ್ಮ ಇರುವ ಸಾಸೇಜನ್ನು ಹೆಂಚಿನ ಮೇಲೆ ಸುಟ್ಟು, ತುಂಡು ಮಾಡಿ, ಮೇಲೆ ಬಿಸಿಬಿಸಿ ಸಾಸ್ ಸುರಿಯುವುದು ಎಂದು ಏವಾಲ್ಟ್ ಹೇಳಿದ್ದ. ಅದು ಸೂಪು, ಸಾಸ್ ಅಲ್ಲ ಎಂದು ಅವಳು ಹೇಳಿದ್ದಳು.

"ಸೂಪಂತೆ! ನೀವು ಕೆಚಪ್ ಬಾಟ್ಲಿ ಬಗ್ಗಿಸಿ ಮೇಲೆ ಕರ್ರಿ ಪುಡಿ ಉದುರಿಸ್ತೀರಲ್ಲ, ಅದು ಅಡುಗೆನಾ? ಆ ನಿಮ್ಮ ಬತ್ತಲೆ ಸಾಸೇಜ್ ನೋಡಿದ್ರೆ ನನಗೇ ನಾಚಿಕೆ ಆಗತ್ತೆ, ಯಾರಾದ್ರೂ ಒಂದು ಟವೆಲ್ ಕೊಡಿ ಅದಕ್ಕೆ!" ಎಂದು ಏವಾಲ್ಟ್ ಅಂದಿದ್ದ.

"ಯುದ್ಧ ಮುಗಿದ ಮೇಲೆ ನಮ್ಮ ಕಡೆ ಸಾಸೇಜಿಗೆ ಹೊದಿಸೋ ಕರುಳು ಸಿಗ್ತಿರಲಿಲ್ಲ ಬೀಗರೇ, ಅದಕ್ಕೇ ಚರ್ಮ ಇಲ್ಲದೆ ಮಾಡೋದು ಕಲಿತ್ರು. ನಮ್ಮಮ್ಮ ನನ್ನ ಮೊದಲ ಸಂಬಳದ ದಿನ ಅದನ್ನೇ ಕೊಡಿಸಿದ್ದು. ನಿಮಗೇನು ಗೊತ್ತು ಅದರ ರುಚಿ?" ಎಂದು ಅವಳು ಕಣ್ಣು ಕೆಂಪಗೆ ಮಾಡಿದ್ದಳು. ಕರ್ರಿವುರ್ಸ್ಟನ್ನು ಮೊದಲು ಮಾಡಿದ್ದು ಹ್ಯಾಂಬರ್ಗಿನಲ್ಲಂತೆ ಎಂದು ಪಾಪ, ಫಾಲ್ಕ್ ಮಧ್ಯೆ ಬಾಯಿ ಹಾಕಿದ. ಹ್ಯಾಂಬರ್ಗಿನವರಷ್ಟು ಸುಳ್ಳು ಹೇಳುವವರು ಈ ಭೂಮಿಯ ಮೇಲೆ ಯಾರೂ ಇಲ್ಲ ಎಂದು ಇಬ್ಬರೂ ಒಟ್ಟಿಗೆ ಅವನ ಮೇಲೆ ಬಿದ್ದರು. ಅವತ್ತು ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಇವೆಲ್ಲ ಬಾಯಿ ಜಗಳ, ಹೋಗಲಿ ಬಿಡಿ. ಏವಾಲ್ಟನ ಹೊಟ್ಟೆಯೊಳಗಿದ್ದ ಸಂಕಟ ಬೇರೆ.

ರೋಸ್ವಿತಾ ಸತ್ತು ಮೂರು ವರ್ಷವಾಗಿತ್ತು. ಗಣಿಯ ಗೇಟಿನ ಎದುರು ಅವಳ ಗೂಡಂಗಡಿ. ಶುಕ್ರವಾರ ಪಾಳಿ ಬಿಟ್ಟಾಗ ಕಣ್ಣಿನ ಸುತ್ತ ಇನ್ನೂ ಮಸಿ ಉಳಿಸಿಕೊಂಡ ಗಂಡಸರು ರಸ್ತೆಯ ತಿರುವಿನವರೆಗೆ ಸಾಲು ನಿಲ್ಲುತ್ತಿದ್ದರು. ಯಾರಿಗೆ ಸಾಸ್ ಜಾಸ್ತಿ, ಯಾರಿಗೆ ಖಾರ ಕಡಿಮೆ, ಯಾರ ಮನೆಯಲ್ಲಿ ಹೆಂಡತಿಗೆ ಹುಷಾರಿಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಮಗಳು ಮರೈಕೆ ಕೌಂಟರಿನ ಹಿಂದೆ ಕ್ರೇಟು ಬೋರಲು ಹಾಕಿಕೊಂಡು ಕೂತು ಸಾಸಿನಲ್ಲಿ ಬೆರಳದ್ದಿ ನೆಕ್ಕುತ್ತಾ ಶಾಲೆಯ ಲೆಕ್ಕ ಮಾಡುತ್ತಿದ್ದಳು. ಆ ಸಾಸನ್ನು ರೋಸ್ವಿತಾ ಹಿಂದಿನ ಕೋಣೆಯಲ್ಲಿ ಒಬ್ಬಳೇ ಮಾಡುತ್ತಿದ್ದಳು. ಟೊಮೇಟೊ, ಈರುಳ್ಳಿ, ಸೇಬಿನ ತಿರುಳು ಹಾಕುವವರೆಗೆ ಏವಾಲ್ಟನನ್ನು ಇಟ್ಟುಕೊಳ್ಳುವಳು. ಕೊನೆಯ ರುಚಿ ನೋಡುವ ಹೊತ್ತಿಗೆ ಮಾತ್ರ, "ಹೋಗು, ಆಲೂಗೆಡ್ಡೆ ಸೀಯ್ತಾ ಇದೆ ನೋಡು" ಎಂದು ಅಟ್ಟಿಬಿಡುವಳು. ಆಲೂಗೆಡ್ಡೆ ಒಂದು ದಿನವೂ ಸೀದದ್ದಿಲ್ಲ.

ಆಸ್ಪತ್ರೆಗೆ ಸೇರುವ ಮುಂಚಿನ ವಾರ ಅವಳು ಮಾಡಿದ ಸಾಸಿನಲ್ಲಿ ಒಂದು ಬಕೀಟು ಉಳಿಯಿತು. ಅಂಗಡಿಗೆ ಸಾಸಿವೆ ಬರುತ್ತದಲ್ಲ, ಮುಚ್ಚಳ ಇರುವ ಬಿಳಿ ಪ್ಲಾಸ್ಟಿಕ್ ಬಕೀಟು, ಅದರ ತುಂಬ. ಏವಾಲ್ಟ್ ಅದನ್ನು ನೆಲಮಾಳಿಗೆಯ ಫ್ರೀಜರಿನ ತಳದಲ್ಲಿಟ್ಟ. ಅವಳು ಹೋದ ಮೇಲೆ ತಾನೇ ಮಾಡಲು ನೋಡಿದ. ಒಂದು ಸಲ ಸಪ್ಪೆ, ಒಂದು ಸಲ ಕಷಾಯ, ಒಂದು ಸಲ ಜಾಮ್. ಪಾತ್ರೆಗಟ್ಟಲೆ ಮೋರಿಗೆ ಸುರಿದು, ಅಂಗಡಿಯ ಶಟರ್ ಎಳೆದುಬಿಟ್ಟ. ಬಕೀಟು ಮಾತ್ರ ಉಳಿಯಿತು. ಆಗಾಗ ಕೆಳಗಿಳಿದು, ಫ್ರೀಜರ್ ತೆರೆದು, ಅದು ಇದೆಯಾ ಎಂದು ನೋಡಿ ಬರುತ್ತಿದ್ದ. ತಾಯಿ ಸತ್ತ ವರ್ಷ ಮರೈಕೆ ತನ್ನ ಹುಟ್ಟುಹಬ್ಬಕ್ಕೆ ಬರ್ಲಿನ್ನಿನಿಂದ ಬಂದು, "ಅಪ್ಪಾ, ಒಂದು ಬಟ್ಟಲು, ಒಂದೇ ಒಂದು ಬಟ್ಟಲು ಕರಗಿಸು" ಎಂದು ಕೇಳಿದಾಗ, "ಅದರ ಸುದ್ದಿಗೆ ಬಂದ್ರೆ ನೋಡು" ಎಂದು ಗದರಿಸಿ ಕಳಿಸಿದ್ದ. ಅವಳು ಮತ್ತೆ ಕೇಳಲಿಲ್ಲ.

ಈಗ ಆ ಸಂಜೆಯ ಕಥೆಗೆ ಬರೋಣ. ಮದುವೆಯ ಹಿಂದಿನ ಸಂಜೆ ನೆಂಟರು, ನೆರೆಹೊರೆಯವರು ಮನೆಯಲ್ಲಿರುವ ಹಳೆಯ ಪಿಂಗಾಣಿಯನ್ನೆಲ್ಲ ಹೊತ್ತು ತಂದು ಹೆಣ್ಣಿನ ಮನೆ ಅಂಗಳದಲ್ಲಿ ಒಡೆದು ಪುಡಿ ಮಾಡುತ್ತಾರೆ. ಎಷ್ಟು ಸದ್ದಾದರೆ ಅಷ್ಟು ಒಳ್ಳೆಯದು. ಚೂರುಗಳನ್ನು ಮದುವೆಯಾಗುವವರಿಬ್ಬರೇ ಸೇರಿ ಗುಡಿಸಬೇಕು. ಒಡೆದು ಸುಸ್ತಾದವರಿಗೆ ಸಾಸೇಜ್, ಬಿಯರ್. ಏವಾಲ್ಟ್ ಊರಿನ ಕಟುಕನಿಗೆ ಚರ್ಮದ ಸಾಸೇಜ್ ಹೇಳಿದ್ದ, ಸಾಸಿಗೆ ಅಂಗಡಿಯ ಡಬ್ಬಿ ತಂದಿದ್ದ. ಡಬ್ಬಿಯ ಸಾಸ್ ಬಡಿಸುವುದು ಅವಮಾನವೇ, ಆದರೂ ಬಕೀಟನ್ನು ಮುಟ್ಟುವ ಯೋಚನೆ ಅವನ ತಲೆಗೆ ಬಂದಿರಲಿಲ್ಲ.

ಮಧ್ಯಾಹ್ನ ಅವನು ಬಿಯರ್ ಪೀಪಾಯಿ ತರಲು ಹೋದ. ಅಲ್ಲಿ ತಡವಾಯಿತು. ಐದು ಗಂಟೆಯ ಹೊತ್ತಿಗೆ ಮನೆಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಇಳಿದವನಿಗೆ ಮೂಗಿಗೆ ಒಂದು ವಾಸನೆ ಬಡಿಯಿತು. ಕಾಲು ಅಲ್ಲೇ ನಿಂತಿತು. 'ರೋಸ್ವಿತಾ ಬಂದುಬಿಟ್ಟಳಾ?' ಎಂದು ಒಂದು ಕ್ಷಣ, ದೇವರಾಣೆಗೂ ಒಂದೇ ಕ್ಷಣ, ಅವನಿಗೆ ಅನಿಸಿತು. ಆಮೇಲೆ ಕಣ್ಣಿಗೆ ಕಂಡದ್ದು ಅಂಗಳದ ಗ್ಯಾಸ್ ಒಲೆಯ ಮುಂದೆ ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು ದೊಡ್ಡ ಪಾತ್ರೆ ತಿರುವುತ್ತಿದ್ದ ಸೀಗ್ಲಿಂಡೆ. ಪಕ್ಕದ ಕಟ್ಟೆಯ ಮೇಲೆ ಬಿಳಿ ಬಕೀಟು ಬೋರಲು ಬಿದ್ದಿತ್ತು. ತೊಳೆದಿತ್ತು. ತೊಳೆದು, ಒಣಗಲು ಇಟ್ಟಿತ್ತು!

"ಯಾರು... ಯಾರು ತೆಗೆದಿದ್ದು ಅದನ್ನ?" ಎಂದ ಏವಾಲ್ಟ್, ಬಕೀಟಿನ ಕಡೆ ಬೆರಳು ತೋರಿಸಿ.

"ನಾನೇ ಬೀಗರೇ. ನನ್ನ ಸಾಸೇಜ್ ಇಡೋಕೆ ಫ್ರೀಜರಲ್ಲಿ ಜಾಗ ಇರಲಿಲ್ಲ. ಬಕೀಟು ಕಾಣಿಸ್ತು. ಓಹೋ, ಇವತ್ತಿಗೇ ಮಾಡಿಟ್ಟಿದಾರೆ, ಕರಗಿಸೋದು ಮರೆತಿದಾರೆ ಅಂದ್ಕೊಂಡು ಬೆಳಿಗ್ಗೆನೇ ಹೊರಗಿಟ್ಟೆ. ಮದುವೆ ಮನೆಯಲ್ಲಿ ಗಂಡಸು ಒಬ್ಬನೇ ಏನೇನು ಅಂತ ನೋಡ್ಕೋತಾನೆ ಪಾಪ" ಎಂದಳು ಅವಳು, ಸೌಟು ಬಿಡದೆ.

"ಅದನ್ನ ವಾಪಸ್ ಹಾಕು! ಈಗಲೇ ಬಕೀಟಿಗೆ ಹಾಕು, ಫ್ರೀಜರಲ್ಲಿಡು!"

"ಅಯ್ಯೋ, ಇಷ್ಟು ವರ್ಷ ಅಂಗಡಿ ನಡೆಸಿದೋರು ನೀವೇ ಹೀಗಂತೀರಾ? ಒಂದು ಸಲ ಕರಗಿದ್ದು ಮತ್ತೆ ಫ್ರೀಜರಿಗೆ ಹೋಗಲ್ಲ. ಕುದಿಸಿ ಖಾಲಿ ಮಾಡಬೇಕು. ಅದೂ ಅಲ್ಲದೆ ಪೂರ್ತಿ ಸತ್ತುಹೋಗಿತ್ತು ಸಾಸು. ಬಾಯಿಗಿಟ್ರೆ ನೀರು ನೀರು. ನಾನೇ ಸ್ವಲ್ಪ ಅದೂ ಇದೂ ಹಾಕಿ ಎಬ್ಬಿಸಿದೀನಿ."

"ಹಾಕಿದೀಯಾ? ಅದರೊಳಗೆ ಹಾಕಿದೀಯಾ?"

"ಹಾಕದೆ? ರುಚಿ ನೋಡದೆ ಸಾಸ್ ಹೊರಗೆ ಕಳಿಸೋ ಜಾತಿ ಅಲ್ಲ ನಾನು. ಆಮೇಲೆ, ನೀನು ತಾನು ಅನ್ನೋದು ಬೇಡ, ನಾವಿನ್ನೂ ಅಷ್ಟು ಹತ್ತಿರದವರಾಗಿಲ್ಲ."

ಏವಾಲ್ಟನ ಮೈಯೆಲ್ಲ ಉರಿದುಹೋಯಿತು. ಅವಳು ಅದನ್ನು ಚೆಲ್ಲಿದ್ದರೆ ಸಹಿಸುತ್ತಿದ್ದನೇನೋ. ಮೂರು ವರ್ಷ ತಾನು ಒಂದು ಬೆರಳು ಅದ್ದದೆ ಕಾಯ್ದಿಟ್ಟ ರೋಸ್ವಿತಾಳ ಕೈರುಚಿಗೆ ಈ ಬರ್ಲಿನ್ನಿನವಳು ಕೈ ಹಾಕಿ, ತಿದ್ದಿ, ಸರಿಮಾಡಿದಳಂತೆ! ಹೆಂಗಸಿನ ಮೇಲೆ ಕೈ ಮಾಡುವ ಹಾಗಿಲ್ಲ, ಬೀಗಿತ್ತಿಯನ್ನು ಮನೆಯಿಂದ ಅಟ್ಟುವ ಹಾಗಿಲ್ಲ. ಪಕ್ಕದ ಮೇಜಿನ ಮೇಲೆ ಬಡಿಸಲು ಜೋಡಿಸಿಟ್ಟಿದ್ದ ಒಳ್ಳೆಯ ತಟ್ಟೆಗಳ ಗೋಪುರ ಕಣ್ಣಿಗೆ ಬಿತ್ತು. ಎರಡೂ ಕೈಯಲ್ಲಿ ಎತ್ತಿ ಅಂಗಳಕ್ಕೆ ಅಪ್ಪಳಿಸಿದ.

ಅಂಗಳದ ತುಂಬ ಚಪ್ಪಾಳೆ!

ಆಗಷ್ಟೇ ಗೇಟಿನೊಳಗೆ ಬರುತ್ತಿದ್ದ ನೆಂಟರೆಲ್ಲ ಹೋ ಎಂದು ಕೂಗಿದರು. "ಭಲೇ ಏವಾಲ್ಟ್! ಮೊದಲ ಒಡೆತ ಹೆಣ್ಣಿನ ಅಪ್ಪಂದೇ! ಇನ್ನೊಂದು ಆಗಲಿ!" ಎಂದು ಪಕ್ಕದ ಮನೆಯ ವ್ರೋಬೆಲ್, ಗಣಿಯಲ್ಲಿ ಅವನ ಜೊತೆ ದುಡಿದವನು, ತಾನು ತಂದ ಒಡಕು ಟೀ ಪಾಟನ್ನೂ ಬೀಸಿ ಒಗೆದ. ಏವಾಲ್ಟ್ ಇನ್ನೊಂದು ತಟ್ಟೆ ಎತ್ತಿ ಒಡೆದ. "ನಿಲ್ಲಿಸ್ರೋ!" ಎಂದು ಅರಚಿದ. ಅವರು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ಥೂ, ಮನುಷ್ಯನಿಗೆ ತನ್ನ ಮನೆ ಅಂಗಳದಲ್ಲಿ ತನ್ನ ಸಿಟ್ಟು ಮಾಡಿಕೊಳ್ಳುವುದಕ್ಕೂ ಸ್ವಾತಂತ್ರ್ಯ ಇಲ್ಲವೇ? ಸೂಪಿನ ದೊಡ್ಡ ಬೋಗುಣಿ ಹೋಯಿತು, ಕೇಕಿನ ತಟ್ಟೆ ಹೋಯಿತು. ಒಂದೊಂದಕ್ಕೂ ಜಯಕಾರ.

ಮರೈಕೆ ಕೈಯಲ್ಲಿ ಪೊರಕೆ ಹಿಡಿದು ನಗುತ್ತಾ ಬಂದಳು, ಹಿಂದೆ ಮೊರದಂಥ ಸಲಿಕೆ ಹಿಡಿದ ಫಾಲ್ಕ್. ಅಪ್ಪನ ಮುಖ ನೋಡಿದ್ದೇ ಅವಳ ನಗು ನಿಂತಿತು. ಆಮೇಲೆ ಅವಳ ಮೂಗೂ ಆ ವಾಸನೆ ಹಿಡಿಯಿತು. ಕಟ್ಟೆಯ ಮೇಲಿನ ಬಕೀಟನ್ನು ನೋಡಿದಳು.

"ನೋಡಿದ್ಯಾ?" ಎಂದ ಏವಾಲ್ಟ್, ಏದುಸಿರು ಬಿಡುತ್ತಾ. "ನಿನ್ನ ಅತ್ತೆ ಮಾಡಿದ ಕೆಲಸ ನೋಡಿದ್ಯಾ? ಅಮ್ಮನ ಸಾಸ್ ತೆಗೆದು ಅದಕ್ಕೆ ತನ್ನ ಬರ್ಲಿನ್ ಕಸ ಸುರಿದಿದಾಳೆ!"

ಸೀಗ್ಲಿಂಡೆಯ ಕೈಯಲ್ಲಿದ್ದ ಸೌಟು ಆಗ ನಿಂತಿತು. "ಅಮ್ಮನ... ಅಂದ್ರೆ? ಮರೈಕೆ, ಇದು ನಿಮ್ಮಮ್ಮ ಮಾಡಿದ್ದಾ?" ಎಂದಳು. ಮುಖ ಬಿಳುಚಿಕೊಂಡಿತು. "ನನಗೆ ಯಾರೂ ಹೇಳಲಿಲ್ಲವಲ್ಲಮ್ಮಾ. ಹೇಳಿದ್ರೆ ನಾನು ಮುಚ್ಚಳ ತೆಗೀತಿದ್ನಾ?"

"ಹೇಳಬೇಕಾ? ಬೇರೆಯವರ ಮನೆ ಫ್ರೀಜರಿಗೆ ಕೈ ಹಾಕೋಕೆ ಮುಂಚೆ ಕೇಳಬೇಕು ಅಂತ ನಿಮ್ಮೂರಲ್ಲಿ ಕಲಿಸಲ್ವಾ?"

"ಬೈಯಿರಿ ಬೀಗರೇ, ಬೈಯಿರಿ. ಆದ್ರೆ ಕಸ ಅನ್ನಬೇಡಿ. ನನ್ನ ಕೈಯಿಂದ ಇವತ್ತಿನವರೆಗೆ ಕಸ ಯಾರ ತಟ್ಟೆಗೂ ಹೋಗಿಲ್ಲ."

ಮರೈಕೆ ಪೊರಕೆಯನ್ನು ಫಾಲ್ಕ್‌ನ ಕೈಗೆ ಕೊಟ್ಟು, ಉಳಿದಿದ್ದ ಒಂದು ತಟ್ಟೆ ತೆಗೆದುಕೊಂಡು ಒಲೆಯ ಹತ್ತಿರ ಹೋದಳು. ಏವಾಲ್ಟ್ ಅಡ್ಡ ನಿಂತ.

"ಮುಟ್ಟಬೇಡ. ಹಾಳಾಗಿದೆ. ಇದು ಅಮ್ಮಂದಲ್ಲ ಈಗ."

"ನೀನು ತಿಂದು ನೋಡಿದ್ಯಾ?"

"ತಿಂದು ಬೇರೆ ನೋಡಬೇಕಾ? ಮೋರಿಗೆ ಸುರೀತೀನಿ ಎಲ್ಲಾನೂ."

"ತಿಂದು ನೋಡಿ ಆಮೇಲೆ ಸುರಿ ಅಪ್ಪ. ತಿನ್ನದೆ ಸುರಿದ್ರೆ ಮಾತ್ರ ನಾನು ಸುಮ್ಮನಿರಲ್ಲ."

ಸರಿ, ಸಾಬೀತು ಮಾಡಿಯೇ ಬಿಡೋಣ ಎಂದುಕೊಂಡ ಏವಾಲ್ಟ್. ಸೀಗ್ಲಿಂಡೆಯ ಕೈಯಿಂದ ಸೌಟು ಕಿತ್ತುಕೊಂಡ. ಉಗುಳಲು ತಯಾರಾಗಿಯೇ ಬಾಯಿಗಿಟ್ಟ.

ಉಗುಳಲಿಲ್ಲ.

ಇನ್ನೊಂದು ಸಲ ತೆಗೆದುಕೊಂಡ. ಮತ್ತೊಂದು ಸಲ. ಅದೇ. ಮೊದಲು ಸೇಬಿನ ಸಿಹಿ, ಹಿಂದೆಯೇ ನಾಲಿಗೆಯ ಎರಡೂ ಅಂಚು ಹಿಡಿಯುವ ಹುಳಿ, ಕೊನೆಗೆ ಗಂಟಲಿನಲ್ಲಿ ನಿಧಾನವಾಗಿ ಏಳುವ ಬಿಸಿ. ಶುಕ್ರವಾರದ ಪಾಳಿಯ ಸಾಸ್. ಅವನು ಮೋರಿಗೆ ಸುರಿದ ಯಾವ ಪಾತ್ರೆಯಲ್ಲೂ ಬಾರದೇ ಹೋದದ್ದು ಇದೇ. ಇದರಲ್ಲಿ ರೋಸ್ವಿತಾ ಎಲ್ಲಿಗೆ ಮುಗಿದಳು, ಈ ಬರ್ಲಿನ್ನಿನವಳು ಎಲ್ಲಿಂದ ಶುರುವಾದಳು ಎಂದು ಹುಡುಕುತ್ತಾ ಅವನು ನಾಲ್ಕನೆಯ ಸಲವೂ ಬಾಯಿಗಿಟ್ಟ. ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವಲ್ಲ ಎಂದು ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು.

"ಏನು ಹಾಕಿದೆ ಇದಕ್ಕೆ?" ಎಂದು ಅವನು ಸೀಗ್ಲಿಂಡೆಯ ಮೇಲೆ ಎಗರಿದ. "ಸುಳ್ಳು ಹೇಳಿದ್ಯಾ? ಏನೂ ಹಾಕಿಲ್ಲ ತಾನೇ?"

"ಹಾಕಿದೀನಿ. ಉಪ್ಪುನೀರಲ್ಲಿಟ್ಟ ಸೌತೆಕಾಯಿ ಬರತ್ತಲ್ಲ, ಆ ಬಾಟ್ಲಿ ನೀರು ಎರಡು ಸೌಟು. ಒಂಚೂರು ಕರ್ರಿ ಪುಡೀನ ಬೆಣ್ಣೆಯಲ್ಲಿ ಘಮ್ ಅನ್ನೋವರೆಗೆ ಬಿಸಿ ಮಾಡಿ, ಒಗ್ಗರಣೆ ಹಾಗೆ ಮೇಲೆ ಹಾಕಿದೆ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ನಿಂತ ಸಾಸನ್ನ ಎಬ್ಬಿಸೋದು ಹಾಗೇ. ಅಂಗಡಿ ಇಟ್ಟಿರೋ ಯಾವ ಹೆಂಗಸನ್ನ ಬೇಕಾದ್ರೂ ಕೇಳಿ. ಅದೇನು ದೊಡ್ಡ ಗುಟ್ಟಲ್ಲ."

ಗುಟ್ಟಲ್ಲವಂತೆ. ಏವಾಲ್ಟ್ ಸೌಟು ಹಿಡಿದು ನಿಂತೇ ಇದ್ದ. ಈಗ ಸಿಟ್ಟು ಸೀಗ್ಲಿಂಡೆಯ ಮೇಲಿರಲಿಲ್ಲ. ಸೌತೆಕಾಯಿ ನೀರು! ಅಂಗಡಿಯ ಶೆಲ್ಫಿನ ಮೇಲೆ ಅವನ ಮೂಗಿನ ಎದುರಿಗೇ ಇದ್ದ ಬಾಟಲಿ! ಕೊನೆಯ ರುಚಿಗೆ ರೋಸ್ವಿತಾ ಹಾಕುತ್ತಿದ್ದದ್ದೂ ಇದನ್ನೇ! ಅಷ್ಟು ವರ್ಷ ಆಲೂಗೆಡ್ಡೆ ಸೀಯುತ್ತದೆ ಎಂದು ಅಟ್ಟಿದಳಲ್ಲ, ಆಸ್ಪತ್ರೆಯಲ್ಲಿ ಅಷ್ಟು ದಿನ ಕೈ ಹಿಡಿದುಕೊಂಡು ಕೂತಿದ್ದನಲ್ಲ, ಆಗಲಾದರೂ ಒಂದು ಮಾತು ಹೇಳಬಾರದಿತ್ತೆ? ಹೇಳಿದ್ದರೆ ಅಂಗಡಿ ಮುಚ್ಚುತ್ತಿತ್ತೆ? ಹೇಳದೆ ಹೋಗಿಬಿಟ್ಟಳು, ಅವನನ್ನು ಒಂದು ಬಕೀಟಿನ ಕಾವಲಿಗೆ ಕೂರಿಸಿ. ಸತ್ತವಳ ಮೇಲೆ ಸಿಟ್ಟು ಮಾಡಬಾರದು ಎಂದು ಮೂರು ವರ್ಷ ಹಲ್ಲು ಕಚ್ಚಿದ್ದ. ಈಗ ಆಗಲಿಲ್ಲ. ರೋಸ್ವಿತಾಳ ಮೇಲೆ ಅವನಿಗೆ ಕೆಂಡದಂಥ ಕೋಪ ಬಂತು.

ಮರೈಕೆ ಅವನ ಕೈಯಿಂದ ಸೌಟು ತೆಗೆದುಕೊಂಡು ತಾನೇ ಬಡಿಸಿಕೊಂಡಳು. ಯಾವ ಸಾಸೇಜ್ ಎಂದು ನೋಡಲಿಲ್ಲ, ಹತ್ತಿರ ಸಿಕ್ಕಿದ್ದು ಹಾಕಿಕೊಂಡಳು. ನಿಂತಲ್ಲೇ ತಿಂದಳು. ತಟ್ಟೆಯಲ್ಲಿ ಉಳಿದ ಸಾಸಿನಲ್ಲಿ ಬೆರಳದ್ದಿ ನೆಕ್ಕಿದಳು. ಆಮೇಲೆ ತಲೆಯೆತ್ತಿ ಅಪ್ಪನನ್ನು ನೋಡಿದಾಗ ಅವಳ ಕಣ್ಣಿನಲ್ಲಿ ನೀರು ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಕೋಪ ಇತ್ತು.

"ಮೂರು ವರ್ಷ ಅಪ್ಪ" ಎಂದಳು. "ಮೂರು ವರ್ಷ ಇದು ಕೆಳಗೆ ಇತ್ತು. ನಾನು ಒಂದು ಬಟ್ಟಲು ಕೇಳಿದ್ದೆ."

"ಮುಗಿದುಹೋಗ್ತಿತ್ತಲ್ಲ..."

"ಮುಗೀಲಿ ಅಂತಾನೇ ಅಮ್ಮ ಮಾಡಿದ್ದು! ಯಾವತ್ತಾದ್ರೂ ಅವಳು ಗಿರಾಕಿಗೆ ಬೇಡ, ಮುಗಿದುಹೋಗತ್ತೆ ಅಂದಿದ್ದು ಕೇಳಿದೀಯಾ? ನೀನು ಒಬ್ಬನೇ ಕಳ್ಕೊಂಡಿದ್ದಾ ಅವಳನ್ನ? ಹೇಳು! ಇದು ನನಗೆ ಇವತ್ತು ಸಿಕ್ಕಿದ್ದು ಇವರು ತಪ್ಪು ಮಾಡಿದ್ದಕ್ಕೆ. ನೀನು ಕೊಟ್ಟಿದ್ದಲ್ಲ."

ಏವಾಲ್ಟ್ ಕಟ್ಟೆಯ ಮೇಲಿನ ಖಾಲಿ ಬಕೀಟಿನ ಕಡೆ ತಿರುಗಿದ. ಮಗಳು ಹೇಳಿದ್ದು ಸುಳ್ಳಲ್ಲ.

ಹಿಂದೆ ವ್ರೋಬೆಲ್ ಮೂಗೆತ್ತಿಕೊಂಡು ಬಂದು ನಿಂತಿದ್ದ. "ಏವಾಲ್ಟ್, ಇದು... ಇದು ರೋಸ್ವಿತಾಳದ್ದಲ್ವೇನೋ?" ಎಂದ. ಅವನ ಹಿಂದೆ ಇನ್ನಿಬ್ಬರು ಗಣಿಯವರು, ಅವರ ಹಿಂದೆ ಅವರ ಹೆಂಡಿರು. ಯಾರೂ ಹೇಳದೆಯೇ ಸಾಲು ಆಗಿತ್ತು. ಪಿಂಗಾಣಿ ಒಡೆಯುವ ಸದ್ದು ನಿಂತುಹೋಗಿತ್ತು. ತಟ್ಟೆಗಳನ್ನೆಲ್ಲ ಏವಾಲ್ಟ್ ಒಡೆದುಹಾಕಿದ್ದರಿಂದ ಕೈಯಲ್ಲಿ ಕಪ್ಪು, ಮುಚ್ಚಳ, ಒಡೆಯಲೆಂದು ತಂದು ಒಡೆಯದೆ ಉಳಿದ ಸಾಸರು, ಏನು ಸಿಕ್ಕಿತೋ ಅದನ್ನು ಹಿಡಿದು ನಿಂತಿದ್ದರು.

ಏವಾಲ್ಟ್ ಮಗಳ ಕಡೆ ನೋಡಿದ. ಆಮೇಲೆ ಸೌಟು ತೆಗೆದುಕೊಂಡ. "ಮುಂದೆ ಬನ್ರೋ" ಎಂದು ಗದರಿದ. "ನೂಕಬೇಡಿ. ವ್ರೋಬೆಲ್, ನಿನಗೆ ಜಾಸ್ತಿ ಸಾಸ್ ಅಂತ ಗೊತ್ತು, ಕೈ ಚಾಚಬೇಡ." ಚರ್ಮ ಇದ್ದದ್ದಕ್ಕೂ ಸುರಿದ, ಇಲ್ಲದ್ದಕ್ಕೂ ಸುರಿದ. ಪಕ್ಕದಲ್ಲಿ ಸೀಗ್ಲಿಂಡೆ ಸಾಸೇಜ್ ಕತ್ತರಿಸಿ ಕೊಡುತ್ತಿದ್ದಳು. ಚಾಕು ಆಡಿಸುವ ವೇಗ ನೋಡಿದರೆ ಕೆಲಸ ಬಲ್ಲವಳೇ, ಅದನ್ನು ಒಪ್ಪಬೇಕಾಯಿತಲ್ಲ ಎಂದು ಅವನಿಗೆ ಮತ್ತೂ ರೇಗಿತು. ಗಣಿಯವರಲ್ಲಿ ಒಬ್ಬ ತಿನ್ನುತ್ತಾ ತಿನ್ನುತ್ತಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಪಾತ್ರೆ ಇಳಿಯುತ್ತಾ ಬಂತು. ಒಂದೊಂದು ಸೌಟಿಗೂ ಏವಾಲ್ಟ್ ಬಗ್ಗಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ. ಸೌಟು ತಳಕ್ಕೆ ತಾಗಿ ಕರಕರ ಎಂದಿತು. ಕೊನೆಯದನ್ನು ಕೆರೆದು ಮರೈಕೆಯ ತಟ್ಟೆಗೆ ಹಾಕಿದ. ಅವಳು ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಎಂದೂ ಹೇಳಲಿಲ್ಲ.

ಇನ್ನು ರೋಸ್ವಿತಾಳದು ಎಂದು ಮನೆಯಲ್ಲಿ ತಿನ್ನುವಂಥದ್ದು ಏನೂ ಉಳಿಯಲಿಲ್ಲ.

ಸೀಗ್ಲಿಂಡೆ ಏಪ್ರನ್ ಬಿಚ್ಚಿ ಮಡಿಸತೊಡಗಿದಳು. "ಬೀಗರೇ, ನನ್ನಿಂದ ತಪ್ಪಾಯ್ತು. ನಾಳೆ ಮದುವೆ ಮುಗಿದ ತಕ್ಷಣ ನಾನು ಹೊರಟುಬಿಡ್ತೀನಿ, ನಿಮ್ಮ ಕಣ್ಣಿಗೆ ಬೀಳಲ್ಲ" ಎಂದಳು.

"ಹೊರಟುಬಿಡ್ತಾಳಂತೆ!" ಏವಾಲ್ಟ್ ಪಾತ್ರೆಯ ಮೇಲೆ ಸೌಟು ಬಡಿದ. "ಎಲ್ಲಿಗೆ ಹೋಗ್ತೀಯಾ? ಇದ್ದಿದ್ದನ್ನೆಲ್ಲ ಖಾಲಿ ಮಾಡಿಸಿ ಈಗ ಹೋಗ್ತಾಳಂತೆ! ನಾಡಿದ್ದು ಬೆಳಿಗ್ಗೆ ನನ್ನ ಅಡುಗೆಮನೇಲಿ ಇರಬೇಕು ನೀನು. ಈರುಳ್ಳಿ ನಾನು ಹೆಚ್ಚಿಡ್ತೀನಿ. ಆ ನೀರು ಎಷ್ಟು, ಆ ಪುಡಿ ಎಷ್ಟು, ಯಾವಾಗ ಹಾಕೋದು, ನನ್ನ ಕಣ್ಣೆದುರಿಗೆ ಮಾಡಿ ತೋರಿಸಬೇಕು. ನನ್ನನ್ನ ಆಚೆ ಅಟ್ಟೋ ಹಾಗಿಲ್ಲ!"

ಸೀಗ್ಲಿಂಡೆ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನಮ್ಮ ಬರ್ಲಿನ್ನಲ್ಲಿ ಇಂಥದ್ದನ್ನ ಸ್ವಲ್ಪ ಮರ್ಯಾದೆಯಿಂದ ಕೇಳ್ತಾರೆ" ಎಂದಳು.

"ಮರ್ಯಾದೆಯಿಂದಲೇ ಕೇಳ್ತಾ ಇದೀನಲ್ಲೇ!" ಎಂದು ಏವಾಲ್ಟ್ ಇಡೀ ಬೀದಿಗೆ ಕೇಳಿಸುವ ಹಾಗೆ ಕಿರುಚಿದ.